ಡಡ್ಲಿಯ ಡಬ್ಬಿಯೂ ತಿಮಿಂಗಿಲಗಳೂ

ನಮ್ಮೂರು ಮೂಂಟಾದಲ್ಲಿ ಗಂಡಸಿನ ಯೋಗ್ಯತೆ ಗೊತ್ತಾಗುವುದು ಅವನ ಬಾಟಲಿಯಿಂದ. ತಪ್ಪು ತಿಳಿಯಬೇಡಿ, ಒಳಗಿರುವುದು ಕುಡಿಯುವ ಪದಾರ್ಥವಲ್ಲ. ಜಾಮ್ ಮುಗಿದ ಬಾಟಲಿಯನ್ನು ತೊಳೆದು, ತನ್ನ ಕಾರಿನ ಇಂಜಿನ್ ಒಂದು ತಿಂಗಳಲ್ಲಿ ಉಸಿರಿನ ಜೊತೆ ಹೊರಗೆ ಬಿಟ್ಟ ಎಣ್ಣೆಯನ್ನು ಅದಕ್ಕೆ ತುಂಬಿ, ಮೇಲೆ ಹೆಸರಿನ ಚೀಟಿ ಅಂಟಿಸಿ, ತಿಂಗಳ ಮೊದಲ ಶನಿವಾರ ವಾಲರೂ ಬಂದರಿನ ಪಕ್ಕದ ನಮ್ಮ ಕಾರು ಕ್ಲಬ್ಬಿನ ಮೈದಾನಕ್ಕೆ ತಂದು ಮೇಜಿನ ಮೇಲಿಡಬೇಕು. ಒಂದು ಕಡೆ ಸಾಸೇಜು ಬೇಯುತ್ತಿರುತ್ತದೆ, ಇನ್ನೊಂದು ಕಡೆ ಹದಿನೆಂಟು ಜನ ಗಂಡಸರು ಬಾಟಲಿಗಳನ್ನು ಬಿಸಿಲಿಗೆ ಹಿಡಿದು, ಅಲ್ಲಾಡಿಸಿ, ಮೂಸಿ ನೋಡುತ್ತಿರುತ್ತಾರೆ. ಕ್ಲಬ್ಬಿನ ಕಾರ್ಯದರ್ಶಿಯಾದ ನಾನು ಬಣ್ಣ, ಪ್ರಮಾಣ, ವಾಸನೆ ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಹನ್ನೊಂದು ವರ್ಷದಿಂದ ಬರೆಯುತ್ತಿದ್ದೇನೆ. ಯಾರೂ ಒಮ್ಮೆಯೂ ಆ ಪುಸ್ತಕ ಕೇಳಿಲ್ಲ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಟರ್ಬೊ ಕೂರಿಸಿದ ಡೀಸೆಲ್ ಇಂಜಿನ್ನಿನಲ್ಲಿ ಒತ್ತಡ ಜಾಸ್ತಿ. ಆ ಒತ್ತಡಕ್ಕೆ ಒಂದಿಷ್ಟು ಹೊಗೆ ಪಿಸ್ಟನ್ನಿನ ಸಂದಿಯಿಂದ ಕೆಳಗೆ ನುಸುಳಿ ಇಂಜಿನ್ನಿನ ಹೊಟ್ಟೆ ಸೇರುತ್ತದೆ. ಹೊಟ್ಟೆ ಉಬ್ಬರಿಸಬಾರದೆಂದು ಕಾರ್ಖಾನೆಯವರೇ ಒಂದು ಕೊಳವೆ ಇಟ್ಟು ಆ ಗಾಳಿಯನ್ನು ತಿರುಗಿ ಇಂಜಿನ್ನಿನ ಮೂಗಿಗೇ ಕಳಿಸುತ್ತಾರೆ. ಆದರೆ ಆ ಗಾಳಿ ಬರಿಗೈಯಲ್ಲಿ ಹೋಗುವುದಿಲ್ಲ, ಎಣ್ಣೆಯ ಮಂಜನ್ನೂ ಎತ್ತಿಕೊಂಡು ಹೋಗುತ್ತದೆ. ಅದು ಮಸಿಯ ಜೊತೆ ಸೇರಿ ಉಸಿರುನಾಳದಲ್ಲಿ ಡಾಂಬರಿನ ಹಾಗೆ ಕಟ್ಟಿಕೊಳ್ಳುತ್ತದೆ. ಅದಕ್ಕೆ ನಮ್ಮವರು ಕೊಳವೆಯ ನಡುವೆ ಒಂದು ಡಬ್ಬಿ ಕೂರಿಸುತ್ತಾರೆ. ಮಂಜು ಡಬ್ಬಿಯೊಳಗಿನ ಜಾಲರಿಗೆ ಬಡಿದು ಹನಿಯಾಗಿ ತಳಕ್ಕಿಳಿಯುತ್ತದೆ, ಬರೀ ಗಾಳಿ ಮುಂದೆ ಹೋಗುತ್ತದೆ. ವಿದ್ಯೆ ಇಷ್ಟೇ. ಆದರೆ ಇಷ್ಟನ್ನು ತಿಳಿದವನ ನಡಿಗೆಯೇ ಬೇರೆಯಾಗುತ್ತದೆ.

ನನ್ನ ಪಕ್ಕದ ಮನೆಯ ಡಡ್ಲಿ ಟ್ರೆವರೋನ ನಡಿಗೆ ಜೂನ್ ತಿಂಗಳಲ್ಲಿ ಬೇರೆಯಾಯಿತು. ಡಡ್ಲಿಗೆ ಐವತ್ತೆಂಟು ವರ್ಷ. ಗೋಧಿಯ ಉಗ್ರಾಣದಲ್ಲಿ ಲಾರಿ ತೂಗುವ ಕೆಲಸ. ಅವನ ಹೆಂಡತಿ ರೋಂಡಾಳ ಅಣ್ಣ ನೋಯೆಲ್ ಮೂವತ್ತು ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದಾನೆ. ಬೇರೆ ಯಾರಾದರೂ ಆಗಿದ್ದರೆ ಡಬ್ಬಿಯನ್ನು ನೋಯೆಲ್‌ನ ಕೈಗೆ ಕೊಟ್ಟು ಮಾಂಸ ತುಂಬಿದ ಪೇಸ್ಟಿ ತಿನ್ನುತ್ತಾ ಕೂತಿರುತ್ತಿದ್ದರು. ಡಡ್ಲಿ ನಾಲ್ಕು ವಿಡಿಯೋ ನೋಡಿದ. ಮೂರನ್ನು ಪೂರ್ತಿ ನೋಡಿದ. ಭಾನುವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಬಾನೆಟ್ಟಿನೊಳಗೆ ತಲೆ ಹಾಕಿ ತಾನೇ ಕೂರಿಸಿದ. ಆಮೇಲೆ ಬೇಲಿಯ ಮೇಲಿಂದ ನನಗೆ ಪಾಠ ಹೇಳಿದ.

"ನೋಡು ಲೆನ್, ಇಂಜಿನ್ ಅಂದ್ರೆ ಮನುಷ್ಯನ ಹಾಗೇ. ಒಳಗಿರೋದನ್ನ ಹೊರಗೆ ಬಿಡಬೇಕು. ಬಿಡದೆ ಇದ್ರೆ ರೋಗ."

"ನೋಯೆಲ್‌ಗೆ ತೋರಿಸಿದೆಯಾ?"

"ನೋಯೆಲ್ ರಿಪೇರಿಯವನು ಮಾರಾಯ. ಇದು ತತ್ತ್ವ."

ಜುಲೈ ಸಭೆಗೆ ತತ್ತ್ವಜ್ಞಾನಿ ಬರಿಗೈಯಲ್ಲಿ ಬಂದ. ಬಾಟಲಿ ಮನೆಯಲ್ಲೇ ಮರೆತೆ ಎಂದ. ಆಗಸ್ಟ್‌ನಲ್ಲಿ ದಾರಿಯಲ್ಲಿ ಒಡೆದುಹೋಯಿತು ಎಂದ. ನಿಜವಾಗಿ ನಡೆದದ್ದೇನೆಂದರೆ, ಡಬ್ಬಿಯ ನಲ್ಲಿಯನ್ನು ಎಷ್ಟು ತಿರುಗಿಸಿದರೂ ಒಂದು ತೊಟ್ಟೂ ಬೀಳುತ್ತಿರಲಿಲ್ಲ. ಹೊಸ ಇಂಜಿನ್‌ನವರ ಬಾಟಲಿಯಲ್ಲೂ ಎರಡು ಚಮಚವಾದರೂ ಇರುತ್ತಿತ್ತು. ಎಂಬತ್ತು ವರ್ಷದ ಪರ್ಸಿ ಚಿನೋವೆತ್, ವಾರಕ್ಕೊಮ್ಮೆ ಚರ್ಚಿಗೆ ಬಿಟ್ಟು ಬೇರೆಲ್ಲೂ ಕಾರು ಓಡಿಸದವನು, ಅವನ ಬಾಟಲಿಯಲ್ಲೂ ಬೆರಳು ಅದ್ದುವಷ್ಟು ಇತ್ತು. "ಡಡ್ಲಿ, ನಿನ್ನ ಕಾರಿಗೆ ಇಂಜಿನ್ ಇದೆಯೋ ಇಲ್ವೋ?" ಎಂದು ಪರ್ಸಿ ಎಲ್ಲರ ಮುಂದೆ ಕೇಳಿದ. ಡಡ್ಲಿ ನಕ್ಕ. ಮನೆಗೆ ಹೋಗುವವರೆಗೂ ನಗುತ್ತಲೇ ಇದ್ದ, ಪಾಪ.

ಸೆಪ್ಟೆಂಬರ್ ಮೊದಲ ಶನಿವಾರ ಡಡ್ಲಿ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಟವೆಲ್ ಸರಿಸಿ ಮೇಜಿನ ನಡುವೆ ಇಟ್ಟ. ಕುತ್ತಿಗೆಯವರೆಗೂ ತುಂಬಿತ್ತು. ಕಪ್ಪಗೆ ಹೊಳೆಯುತ್ತಿತ್ತು. ಕೈ ಕಟ್ಟಿಕೊಂಡು ಚಪ್ಪಾಳೆಗೆ ಕಾದು ನಿಂತ.

ಸಾಸೇಜು ತಿರುವುತ್ತಿದ್ದವನು ತಿರುವುವುದನ್ನು ನಿಲ್ಲಿಸಿದ. ಕ್ಲಬ್ಬಿನ ಅಧ್ಯಕ್ಷ ಗಾರ್ಥ್ ಪೆಂಗೆಲ್ಲಿ ಎದ್ದು ಬಂದ. ಗಾರ್ಥ್ ನಿವೃತ್ತ ಪೊಲೀಸ್ ಸಾರ್ಜೆಂಟ್. ನಿವೃತ್ತಿಯ ವಿಷಯವನ್ನು ಅವನಿಗೆ ಇನ್ನೂ ಯಾರೂ ಸರಿಯಾಗಿ ತಿಳಿಸಿದಂತಿಲ್ಲ.

"ಎಷ್ಟು ಕಿಲೋಮೀಟರ್ ಓಡಿಸಿದ್ದು?"

"ಹೋದ ತಿಂಗಳಾ? ಒಂದು ನಾನೂರು."

"ನಾನೂರಕ್ಕೆ ಇಷ್ಟು?"

"ಇಷ್ಟು," ಎಂದ ಡಡ್ಲಿ ಹೆಮ್ಮೆಯಿಂದ. "ನನ್ನ ಡಬ್ಬಿ ಅಂದ್ರೆ ಡಬ್ಬಿ."

ಗಾರ್ಥ್ ತಲೆಯ ಮೇಲಿನ ಹ್ಯಾಟು ತೆಗೆದ. ಅವನು ಹ್ಯಾಟು ತೆಗೆದದ್ದನ್ನು ನೋಡಿ ಉಳಿದವರೂ ತೆಗೆದರು. "ಡಡ್ಲಿ, ಕೂತ್ಕೋ. ಯಾರಾದ್ರೂ ಅವನಿಗೆ ಕುರ್ಚಿ ಕೊಡಿ. ನೋಡಪ್ಪ, ಇಷ್ಟು ಎಣ್ಣೆ ಬರ್ತಿದೆ ಅಂದ್ರೆ ಡಬ್ಬಿ ಚೆನ್ನಾಗಿದೆ ಅಂತಲ್ಲ, ಇಂಜಿನ್ ಹೋಯ್ತು ಅಂತ. ಪಿಸ್ಟನ್ ರಿಂಗು ಸವೆದು ಚಿಂದಿಯಾಗಿದೆ. ಇನ್ನು ದೂರ ಓಡಲ್ಲ ಅದು."

"ದೂರ ಅಂದ್ರೆ?"

"ಪಶ್ಚಿಮದ ದಾರೀಲಿ ಪೋರ್ಟ್ ಆಗಸ್ಟಾನೂ ದಾಟಲ್ಲ."

ಈಗ ರೋಂಡಾ ವಿಷಯ ಹೇಳಬೇಕು, ಯಾಕೆಂದರೆ ಈ ಕಥೆಯಲ್ಲಿ ನಿಜವಾಗಿ ಕಳೆದುಕೊಳ್ಳುವಂಥದ್ದು ಇದ್ದದ್ದು ಅವಳಿಗೆ. ಪ್ರಾಥಮಿಕ ಶಾಲೆಯ ಕ್ಯಾಂಟೀನಿನಲ್ಲಿ ಹತ್ತು ವರ್ಷ ಮಕ್ಕಳಿಗೆ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಹಚ್ಚಿ, ಕೊನೆಗೂ ಅವಳಿಗೆ ದೀರ್ಘ ಸೇವೆಯ ರಜೆ ಸಿಕ್ಕಿತ್ತು. ಸೋಮವಾರ ಬಿಟ್ಟು ಮುಂದಿನ ಸೋಮವಾರದಿಂದ ರಜೆ. ಅವಳಿಗೆ ಬೇಕಿದ್ದದ್ದು ಒಂದೇ: ಪಶ್ಚಿಮಕ್ಕೆ ಒಂಬೈನೂರೈವತ್ತು ಕಿಲೋಮೀಟರ್ ಹೋಗಿ, ಬೈಟ್ ಕೊಲ್ಲಿಯ ಬಂಡೆಯ ಅಂಚಿನಲ್ಲಿ ನಿಂತು, ಮರಿ ಹಾಕಲು ಬರುವ ತಿಮಿಂಗಿಲಗಳನ್ನು ನೋಡುವುದು. ಅವು ಬರುವುದು ಚಳಿಗಾಲಕ್ಕೆ. ಸೆಪ್ಟೆಂಬರ್ ಬಂತೆಂದರೆ ಮರಿಗಳನ್ನು ಕರೆದುಕೊಂಡು ಒಂದೊಂದಾಗಿ ದಕ್ಷಿಣಕ್ಕೆ ಹೊರಡುತ್ತವೆ. ರೋಂಡಾ ಪ್ರತಿ ಬೆಳಿಗ್ಗೆ ಅಲ್ಲಿನ ಕಚೇರಿಗೆ ಫೋನ್ ಮಾಡಿ, ಇವತ್ತು ಎಷ್ಟಿವೆ ಎಂದು ಕೇಳಿ, ಫ್ರಿಜ್ಜಿನ ಬಾಗಿಲಿಗೆ ತಿಮಿಂಗಿಲದ ಚಿತ್ರದ ಪಕ್ಕ ಅಂಟಿಸಿದ್ದ ಕಾಗದದಲ್ಲಿ ಬರೆಯುತ್ತಿದ್ದಳು. ಆ ಶನಿವಾರದ ಸಂಖ್ಯೆ ನಲವತ್ತೆರಡು.

ಸುದ್ದಿ ಡಡ್ಲಿಗಿಂತ ಮುಂಚೆ ಮನೆ ತಲುಪಿತ್ತು. ರೋಂಡಾ ಅಂಗಳದಲ್ಲಿ ಕಾರಿಗೆ ಕಟ್ಟಿ ಎಳೆಯುವ ಮನೆಯಾದ ಕ್ಯಾರವಾನಿನ ಪರದೆಗಳನ್ನು ಒಗೆದು ಒಣಗಲು ಹಾಕುತ್ತಿದ್ದಳು.

"ಹೌದಾ ಡಡ್ಲಿ?"

ಇದೇ ಸಮಯ. ಇಲ್ಲ ಕಣೇ, ಆ ಬಾಟಲಿ ಸುಳ್ಳು ಎಂದು ಬಾಯಿ ಬಿಟ್ಟಿದ್ದರೆ ಒಂದು ಗಂಟೆ ಬೈಗುಳ, ಆಮೇಲೆ ಚಹಾ. ಡಡ್ಲಿ ಬಾಯಿ ತೆರೆದ. "ಗಾರ್ಥ್ ಹಾಗೆ ಹೇಳ್ತಾನೆ," ಎಂದ.

ರೋಂಡಾ ಒದ್ದೆ ಪರದೆಗಳನ್ನು ಹಗ್ಗದಿಂದ ತೆಗೆದು ಮಡಿಸಿ ಒಳಗೆ ಒಯ್ದಳು.

ಭಾನುವಾರದಿಂದ ಸಂತಾಪ ಶುರುವಾಯಿತು. ನಮ್ಮೂರಲ್ಲಿ ಯಾರ ಮನೆಯಲ್ಲಾದರೂ ಸಾವಾದರೆ ಅಕ್ಕಪಕ್ಕದವರು ಕ್ಯಾಸರೋಲ್ ಎಂಬ ಅಡುಗೆ ಬೇಯಿಸಿ ತರುವುದು ಪದ್ಧತಿ. ಇಂಜಿನ್ನಿಗೂ ಅದು ಅನ್ವಯಿಸುತ್ತದೆಂದು ನನಗೆ ಗೊತ್ತಿರಲಿಲ್ಲ. ಮಧ್ಯಾಹ್ನಕ್ಕೆ ಟ್ಯೂನಾ ಮೀನಿನದು ಎರಡು, ಕೋಳಿಯದು ಒಂದು ಬಂದವು. ಪರ್ಸಿ ಚಿನೋವೆತ್ ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟು ಒಂದು ನಿಮಿಷ ಮೌನವಾಗಿ ನಿಂತ. ಮೌನ ಮುಗಿಸಿ, "ಚಾವಣಿ ಮೇಲಿನ ರ‍್ಯಾಕು ನನಗೆ ಇಟ್ಟಿರು," ಎಂದ.

"ಏನು?"

"ಗುಜರಿಗೆ ಹಾಕೋವಾಗ. ರ‍್ಯಾಕು ನಂದು. ಮುಂದಿನ ಕಂಬಿ ಗಾರ್ಥ್ ಕೇಳಿದಾನೆ. ಟಯರು ಯಾರಿಗೋ ಆಗ್ಲೇ ಹೋಯ್ತಂತೆ."

ಸೋಮವಾರ ಉಗ್ರಾಣಕ್ಕೆ ಬಂದ ಲಾರಿಯವರೂ ಕೇಳಿದರು. ತೂಕದ ಕಿಟಕಿಯಲ್ಲಿ ತಲೆ ಹಾಕಿ, "ಇಂಜಿನ್ ವಿಷಯ ಕೇಳಿ ಬೇಜಾರಾಯ್ತು ಡಡ್ಲಿ," ಎನ್ನುತ್ತಿದ್ದರು. ಅವನು ಒಬ್ಬನ ಗೋಧಿಯನ್ನು ಎರಡು ಸಲ ತೂಗಿದ. ಮಂಗಳವಾರ ನೋಯೆಲ್ ಬಂದ. ಎಣ್ಣೆ ಬಟ್ಟೆಯಲ್ಲೇ ಅಡುಗೆಮನೆಯಲ್ಲಿ ನಿಂತು, "ಶನಿವಾರ ಸಂಜೆ ಗ್ಯಾರೇಜಿಗೆ ಎಳ್ಕೊಂಡು ಹೋಗ್ತೀನಿ. ಇಂಜಿನ್ ಇಳಿಸಿ ಬಿಚ್ಚಬೇಕು. ಸಾಮಾನು ಅಡಿಲೇಡ್‌ನಿಂದ ಬರಬೇಕು. ಎಂಟು ವಾರ," ಎಂದ.

ರೋಂಡಾ ಕಾಗದ ನೋಡಿದಳು. ಮಂಗಳವಾರದ ಸಂಖ್ಯೆ ಮೂವತ್ತೊಂದು. ಅವಳು ಫ್ರಿಜ್ಜಿನ ಮೇಲಿದ್ದ ತಿಮಿಂಗಿಲದ ಚಿತ್ರವನ್ನು ತೆಗೆದು, ಹಿಡಿದಿದ್ದ ಅಯಸ್ಕಾಂತವನ್ನು ಡ್ರಾಯರಿಗೆ ಹಾಕಿ, ನೋಯೆಲ್‌ಗೆ ಉಳಿದಿದ್ದ ಟ್ಯೂನಾ ಬಡಿಸಿದಳು. ಡಡ್ಲಿ ಅದನ್ನು ನೋಡುತ್ತಾ ಕೂತಿದ್ದ.

ಬುಧವಾರ ಸಂಜೆ ಬೇಲಿಯ ಹತ್ತಿರ ನನ್ನನ್ನು ಕರೆದ.

"ಲೆನ್, ಆಣೆ ಮಾಡು, ಯಾರಿಗೂ ಹೇಳಲ್ಲ ಅಂತ."

"ಹೇಳಲ್ಲ."

"ಆ ಎಣ್ಣೆ ಕಾರಿಂದಲ್ಲ. ಹುಲ್ಲು ಕತ್ತರಿಸೋ ಯಂತ್ರದ್ದು."

ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. "ಅಯ್ಯೋ ಪುಣ್ಯಾತ್ಮ! ಹೋಗಿ ರೋಂಡಾಗೆ ಹೇಳು!"

"ಹೇಳಿದ್ರೆ ಊರು ನಗುತ್ತೆ."

"ಹೇಳದಿದ್ರೆ ಇಂಜಿನ್ ಬಿಚ್ಚುತ್ತಾರಲ್ಲೋ!"

"ಅದಕ್ಕೇ ಒಂದು ಉಪಾಯ ಮಾಡಿದೀನಿ."

ಇಲ್ಲಿ ನಾನೊಂದು ಮಾತು ಒಪ್ಪಿಕೊಳ್ಳಬೇಕು. ಅವನನ್ನು ಎಳೆದುಕೊಂಡು ಹೋಗಿ ರೋಂಡಾಳ ಮುಂದೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಯಾಕೆಂದರೆ ನನ್ನ ಬಾಟಲಿಗೂ ನಾನು ತಿಂಗಳು ತಿಂಗಳು ಎರಡು ಚಮಚ ಬೇರೆ ಎಣ್ಣೆ ಬೆರೆಸುತ್ತಿದ್ದೆ. ಬರೀ ಎರಡು ಚಮಚ. ಹನ್ನೊಂದು ವರ್ಷದಿಂದ. ಡಡ್ಲಿ ಸಿಕ್ಕಿಬಿದ್ದರೆ ಮುಂದಿನ ತಪಾಸಣೆ ಯಾರದು ಎಂದು ಮನಸ್ಸು ಲೆಕ್ಕ ಹಾಕಿತು, ನಾಲಿಗೆ ಸುಮ್ಮನಾಯಿತು.

ಉಪಾಯ ಇದು. ನಮ್ಮಲ್ಲಿ ಇಂಜಿನ್ನಿನ ಆರೋಗ್ಯ ನೋಡಲು ಮುಚ್ಚಳದ ಪರೀಕ್ಷೆ ಅಂತ ಇದೆ. ಇಂಜಿನ್ ಓಡುತ್ತಿರುವಾಗ ಎಣ್ಣೆ ಹಾಕುವ ಬಾಯಿಯ ಮುಚ್ಚಳ ತಿರುಗಿಸಿ ತೆಗೆದು, ಅಲ್ಲೇ ತಲೆಕೆಳಗಾಗಿ ಇಡಬೇಕು. ಸುಮ್ಮನೆ ಕೂತರೆ ಇಂಜಿನ್ ಗಟ್ಟಿ. ಕುಣಿದರೆ ಹೊಟ್ಟೆಯಲ್ಲಿ ಒತ್ತಡ ಇದೆ, ರಿಂಗು ಹೋಗಿದೆ. ಶನಿವಾರ ಮೈದಾನದಲ್ಲಿ ಎಲ್ಲರ ಮುಂದೆ ಪರೀಕ್ಷೆ ಮಾಡುವುದು, ಮುಚ್ಚಳ ಕೂರುವುದು, ಬಾಟಲಿಯ ವಿಷಯ ಪವಾಡದ ಲೆಕ್ಕಕ್ಕೆ ಸೇರುವುದು. ಸುಳ್ಳು ಹೇಳಿದ್ದು ಯಾರಿಗೂ ಗೊತ್ತಾಗುವುದಿಲ್ಲ, ಸೋಮವಾರ ರೋಂಡಾ ಹೊರಡುತ್ತಾಳೆ.

"ಇಂಜಿನ್ ಗಟ್ಟಿಯಾಗಿದೆ ತಾನೆ?" ಎಂದೆ.

"ಕಲ್ಲು! ಒಂದೇ ಒಂದು ಸಣ್ಣ ಕಿರಿಕಿರಿ. ಎಣ್ಣೆ ಅಳೆಯೋ ಕಡ್ಡಿ ಆಗಾಗ ತಾನೇ ಮೇಲಕ್ಕೆ ಎದ್ದು ನಿಲ್ಲುತ್ತೆ. ನಾನು ಒತ್ತಿ ಕೂರಿಸ್ತೀನಿ. ಶನಿವಾರ ಅವರ ಮುಂದೆ ಎದ್ದು ಮಾನ ತೆಗೀಬಾರದು ಅಂತ ಬೇಲಿ ತಂತಿ ಹಾಕಿ ಬಿಗಿದುಬಿಟ್ಟೆ."

ನನಗಾದರೂ ಹೊಳೆಯಬೇಕಿತ್ತು. ಹನ್ನೊಂದು ವರ್ಷದ ಕಾರ್ಯದರ್ಶಿ ನಾನು. ತಂತಿ ಬಿಗಿದದ್ದು ಒಳ್ಳೆಯದಾಯಿತು ಎಂದೆ.

ಶನಿವಾರದ ಸಂಖ್ಯೆ ಹತ್ತೊಂಬತ್ತು. ರೋಂಡಾ ಒಂದು ಷರತ್ತು ಹಾಕಿದಳು: "ಪರೀಕ್ಷೆ ಮಾಡೋದಾದ್ರೆ ಕ್ಯಾರವಾನ್ ಕಟ್ಟಿಕೊಂಡೇ ಹೋಗೋಣ. ಅದನ್ನ ಎಳೆದು ಬಂದ ಮೇಲೂ ಮುಚ್ಚಳ ಕೂತ್ರೆ ನಾಡಿದ್ದು ಹೊರಡ್ತೀನಿ. ಕುಣಿದ್ರೆ ನೋಯೆಲ್ ಅಲ್ಲಿಂದಲೇ ಎಳ್ಕೊಂಡು ಹೋಗ್ಲಿ. ಇನ್ನು ಆ ಫ್ರಿಜ್ ಕಡೆ ನೋಡೋಕೆ ನನ್ನಿಂದಾಗಲ್ಲ." ನಾನು ಹಿಂದಿನ ಸೀಟಿನಲ್ಲಿ ಕೂತೆ. ಮೂಂಟಾದಿಂದ ವಾಲರೂ ಹದಿನೆಂಟು ಕಿಲೋಮೀಟರ್. ಎದುರುಗಾಳಿ, ಹಿಂದೆ ಎರಡು ಟನ್ ಕ್ಯಾರವಾನ್. ಮೂರು ತಿಂಗಳಲ್ಲಿ ಮೊದಲ ಬಾರಿಗೆ ಆ ಕಾರು ಅಷ್ಟು ಭಾರ ಎಳೆದುಕೊಂಡು ನೂರರ ವೇಗದಲ್ಲಿ ಓಡಿತು. ಡಡ್ಲಿ ದಾರಿಯುದ್ದಕ್ಕೂ ಒಂದೂ ತತ್ತ್ವ ಹೇಳಲಿಲ್ಲ. ಅರ್ಧ ದಾರಿಯಲ್ಲಿ ಸುಟ್ಟ ಎಣ್ಣೆಯ ವಾಸನೆ ಬಂತು. ರೋಂಡಾ ಅವನ ಮುಖ ನೋಡಿದಳು. ಮುಂದಿನ ಲಾರಿಯದಿರಬೇಕು ಎಂದ. ಮುಂದೆ ಲಾರಿ ಇರಲಿಲ್ಲ.

ಮೈದಾನದಲ್ಲಿ ಜನ ಸೇರಿದ್ದರು. ಅರ್ಧದಷ್ಟು ಜನ ಸ್ಪ್ಯಾನರು ತಂದಿದ್ದರು. ಪರ್ಸಿ ರ‍್ಯಾಕು ಬಿಚ್ಚಲು ಏಣಿಯನ್ನೇ ತಂದಿದ್ದ. ಡಡ್ಲಿ ಇಂಜಿನ್ ಆರಿಸದೆ ಕಾರು ನಿಲ್ಲಿಸಿ, ಒಳಗೇ ಕೂತು ಬಾನೆಟ್ಟಿನ ಚಿಲಕ ಎಳೆದ. ಗಾರ್ಥ್ ಬಿಳಿ ಅಂಗಿ ತೊಟ್ಟು ಮುಂದೆ ಬಂದು, ಬಾನೆಟ್ ಎತ್ತಿ, ಕೈಗವಸು ಹಾಕಿಕೊಂಡ. ಸುತ್ತ ನಿಂತವರು ಒಂದು ಹೆಜ್ಜೆ ಹತ್ತಿರ ಬಂದರು. ರೋಂಡಾ ಸಾಸೇಜಿನ ಮೇಜಿನ ಪಕ್ಕದಲ್ಲಿ ನಿಂತು ಎರಡೂ ಕೈಯನ್ನು ಜೇಬಿನಲ್ಲಿಟ್ಟಿದ್ದಳು. ಆ ಜೇಬಿನಲ್ಲಿ ಮಡಿಸಿದ ತಿಮಿಂಗಿಲದ ಚಿತ್ರ ಇತ್ತೆಂದು ಆಮೇಲೆ ತಿಳಿಯಿತು.

"ಮುಚ್ಚಳ ತೆಗೀತಿದೀನಿ," ಎಂದು ಗಾರ್ಥ್ ಸಾರಿದ. "ಕಾರ್ಯದರ್ಶಿ, ಸಮಯ ಬರ್ಕೊಳ್ಳಿ."

ಹನ್ನೊಂದು ಗಂಟೆ ಹತ್ತು ನಿಮಿಷ ಎಂದು ಬರೆದೆ. ಗಾರ್ಥ್ ಮುಚ್ಚಳವನ್ನು ತಲೆಕೆಳಗಾಗಿ ಇಡುವ ಪ್ರಸಂಗವೇ ಬರಲಿಲ್ಲ. ಕೊನೆಯ ಸುತ್ತು ತಿರುಗುತ್ತಿದ್ದಂತೆ ಅದು ಅವನ ಕೈಯಿಂದ ಹಾರಿ, ಹ್ಯಾಟಿಗೆ ಬಡಿದು, ಹ್ಯಾಟಿನ ಸಮೇತ ಹುಲ್ಲಿಗೆ ಬಿತ್ತು. ಹಿಂದೆಯೇ ಬುಸ್ಸೆಂದು ಎಣ್ಣೆಯ ಮಂಜು ಎದ್ದು ಬಿಳಿ ಅಂಗಿಯನ್ನು ಹೊಟ್ಟೆಯಿಂದ ಕುತ್ತಿಗೆಯವರೆಗೆ ಬಣ್ಣ ಮಾಡಿತು.

"ಕುಣೀತು!" ಎಂದ ಪರ್ಸಿ, ಏಣಿ ಎತ್ತಿಕೊಂಡು.

"ಇಲ್ಲ, ಇಲ್ಲ! ಅದು ಹಳೇ ಗಾಳಿ! ಸ್ವಲ್ಪ ತಾಳಿ, ಈಗ ನೋಡಿ!" ಡಡ್ಲಿಗೆ ತಲೆ ಕೆಟ್ಟಿತು. ಹಳೇ ಗಾಳಿಯನ್ನು ಹೊರಹಾಕಿ ಹೊಸದು ತರುವ ಅಂದಾಜಿನಲ್ಲಿ ಆಕ್ಸಿಲರೇಟರ್ ತುಳಿದುಬಿಟ್ಟ.

ಇಂಜಿನ್ ಕೂಗಿತು. ಅವನು ಕಾಲು ತೆಗೆದ. ಇಂಜಿನ್ ಕೂಗುತ್ತಲೇ ಇತ್ತು. ಕೂಗು ಏರುತ್ತಾ ಹೋಯಿತು. ಹಿಂದಿನಿಂದ ಬಿಳಿ ಹೊಗೆ ಎದ್ದು ಕ್ಯಾರವಾನನ್ನು ಮುಚ್ಚಿತು, ಮೇಜನ್ನು ಮುಚ್ಚಿತು. ಡಡ್ಲಿ ಕೀಲಿ ತಿರುಗಿಸಿದ, ಕಿತ್ತುಕೊಂಡ. ಇಂಜಿನ್ ನಿಲ್ಲಲಿಲ್ಲ.

"ಆಫ್ ಮಾಡೋ!" ಎಂದು ಹದಿನೆಂಟು ಜನ ಕಿರುಚಿದರು.

ಡಡ್ಲಿ ಕಿಟಕಿಯಿಂದ ಕೈ ಹೊರಗೆ ಚಾಚಿ ಕೀಲಿಯನ್ನು ಎಲ್ಲರಿಗೂ ತೋರಿಸಿದ. "ಮಾಡಿದೀನಿ! ನೋಡಿ, ಕೀಲಿ ಇಲ್ಲೇ ಇದೆ! ನಾನೇನೂ ಮಾಡ್ತಿಲ್ಲ!"

"ಗೇರು ಹಾಕಿ ಬ್ರೇಕ್ ತುಳಿ! ಇದು ಆದೇಶ!" ಎಂದ ಗಾರ್ಥ್.

"ಅದು ಆಟೊಮ್ಯಾಟಿಕ್ ಕಣಯ್ಯಾ, ಹಾಗೆಲ್ಲ ನಿಲ್ಲಲ್ಲ!" ನೋಯೆಲ್ ಓಡಿಬಂದ. "ಅದು ಡೀಸೆಲ್ ಕುಡೀತಿಲ್ಲ, ತನ್ನ ಎಣ್ಣೇನೇ ಕುಡೀತಿದೆ! ಎಲ್ಲರೂ ಹಿಂದೆ ಹೋಗಿ, ಸಿಡಿದ್ರೆ ಕಬ್ಬಿಣ ಹಾರುತ್ತೆ! ಡಡ್ಲಿ, ಅದರ ಉಸಿರು ಕಟ್ಟಿಸು! ಸೊಂಡಿಲು ಮುಚ್ಚು!"

ಸೊಂಡಿಲೆಂದರೆ ಬಾನೆಟ್ಟಿನ ಪಕ್ಕದಿಂದ ಚಾವಣಿಯವರೆಗೆ ಎದ್ದು ನಿಂತಿರುವ ಕರಿಯ ಕೊಳವೆ. ನೀರು ದಾಟುವಾಗ ಇಂಜಿನ್ ಅದರಿಂದ ಉಸಿರಾಡಲಿ ಎಂದು ನಮ್ಮವರೆಲ್ಲ ಹಾಕಿಸಿಕೊಂಡಿದ್ದೇವೆ. ಎರಡು ವರ್ಷದಿಂದ ಮಳೆ ಇಲ್ಲದ ಊರಲ್ಲಿ ಯಾರು ಯಾವ ನೀರು ದಾಟುತ್ತಾರೋ ದೇವರೇ ಬಲ್ಲ. ಜನ ಶೆಡ್ಡಿನ ಹಿಂದೆ ಓಡಿದರು. ಪರ್ಸಿ ಏಣಿಯ ಜೊತೆಯೇ ಓಡಿದ. ನಾನೂ ಓಡಿದೆ, ಸುಳ್ಳು ಹೇಳುವುದಿಲ್ಲ.

ಡಡ್ಲಿ ಓಡಲಿಲ್ಲ. ಕಾರಿನಿಂದ ಬಿದ್ದು ಎದ್ದು, ಪಕ್ಕದ ಮೆಟ್ಟಿಲು ಹತ್ತಿ, ಸೊಂಡಿಲಿನ ಬಾಯಿಗೆ ಅಂಗೈ ಒತ್ತಿದ. ಬಾಯಿ ಎರಡು ಅಂಗೈಗಿಂತ ದೊಡ್ಡದು. ಹ್ಯಾಟು ಒತ್ತಿದ. ಹ್ಯಾಟನ್ನು ಅದು ಜಾಲರಿಗೆ ಎಳೆದು ಹಪ್ಪಳ ಮಾಡಿತು, ಬಟ್ಟೆಯ ಮೂಲಕವೇ ಉಸಿರಾಡಿತು. ಸ್ವೆಟರ್ ಬಿಚ್ಚಿ ತುರುಕಿದ. ಕೂಗು ಒಂದಿಷ್ಟೂ ಇಳಿಯಲಿಲ್ಲ. ಬಾನೆಟ್ಟಿನೊಳಗೆ ಏನೋ ಕಟಕಟ ಎನ್ನತೊಡಗಿತು. ನೋಯೆಲ್‌ನ ಮುಖ ಬೂದಿಯಾಯಿತು. "ಡಡ್ಲಿ, ಬಿಡು! ಬಿಟ್ಟು ಬಾ!"

"ಬಿಡಲ್ಲ! ಇದು ಹೋದ್ರೆ ಅವಳು ಹೋಗೋಕಾಗಲ್ಲ!"

ಆಗ ಹೊಗೆಯೊಳಗಿಂದ ರೋಂಡಾ ಬಂದಳು. ಮೇಜಿನ ಮೇಲೆ ಈರುಳ್ಳಿ ಹೆಚ್ಚುವ ದೊಡ್ಡ ಮರದ ಹಲಗೆ ಇತ್ತಲ್ಲ, ಅದನ್ನು ಈರುಳ್ಳಿಯ ಸಮೇತ ಎತ್ತಿಕೊಂಡು ಬಂದಿದ್ದಳು. ಮೆಟ್ಟಿಲು ಹತ್ತಿ ಗಂಡನನ್ನು ಮೊಣಕೈಯಿಂದ ತಳ್ಳಿ, ಹ್ಯಾಟು ಸ್ವೆಟರ್ ಕಿತ್ತೆಸೆದು, ಹಲಗೆಯನ್ನು ಸೊಂಡಿಲಿನ ಬಾಯಿಗೆ ಬಡಿದು ಒತ್ತಿದಳು. ಹಲಗೆ ಅಲ್ಲಿಗೆ ಕಚ್ಚಿಕೊಂಡಿತು. ಡಡ್ಲಿ ಅವಳ ಕೈಗಳ ಮೇಲೆ ತನ್ನ ಕೈಯಿಟ್ಟು ಒತ್ತಿದ. ಇಂಜಿನ್ ಕೆಮ್ಮಿತು. ಇಡೀ ಕಾರು ಅಲುಗಾಡಿತು, ಇಬ್ಬರೂ ಅದರ ಜೊತೆ ಅಲುಗಾಡಿದರು. ಇನ್ನೊಂದು ಸಲ ಕೆಮ್ಮಿತು. ನಿಂತಿತು.

ಎಷ್ಟು ನಿಶ್ಶಬ್ದವಾಯಿತೆಂದರೆ ಕಾವಲಿಯ ಮೇಲೆ ಸಾಸೇಜು ಸೀಯುವುದು ಕೇಳಿಸಿತು. ಇಬ್ಬರೂ ಹಲಗೆ ಬಿಡಲಿಲ್ಲ. ರೋಂಡಾಳ ಕೂದಲಲ್ಲಿ ಈರುಳ್ಳಿ ಇತ್ತು.

ನಾವು ಶೆಡ್ಡಿನ ಹಿಂದಿನಿಂದ ಒಬ್ಬೊಬ್ಬರಾಗಿ ಬಂದೆವು. ನೋಯೆಲ್ ಬಾನೆಟ್ಟಿನೊಳಗೆ ಬಗ್ಗಿ ಮೊದಲು ಬೇಲಿ ತಂತಿ ನೋಡಿದ, ಬಾಯಲ್ಲಿ ಏನೋ ಅಂದುಕೊಂಡ. ಆಮೇಲೆ ಡಬ್ಬಿಗೆ ಬರುವ ಕೊಳವೆ ಎಳೆದ. ಡಬ್ಬಿಯ ಬಾಯಿಯಿಂದ ಬೆರಳ ತುದಿಯಷ್ಟು ದೊಡ್ಡ ಕೆಂಪು ಪ್ಲಾಸ್ಟಿಕ್ ಬಿರಡೆಯೊಂದನ್ನು ಹೊರಗೆ ತೆಗೆದು ಎತ್ತಿ ಹಿಡಿದ.

"ಏನಿದು ಡಡ್ಲಿ?"

"ಅದು ಡಬ್ಬಿ ಜೊತೆ ಬಂದಿತ್ತು. ಗಟ್ಟಿಯಾಗಿ ಕೂತಿತ್ತು. ಅದರ ಭಾಗ ಅಂದ್ಕೊಂಡೆ."

"ಪೆಟ್ಟಿಗೇಲಿ ಬರೋವಾಗ ಧೂಳು ಹೋಗದೇ ಇರಲಿ ಅಂತ ಹಾಕಿರ್ತಾರೆ ಮಾರಾಯ! ತೆಗೆದು ಬಿಸಾಕಬೇಕು! ಮೂರು ತಿಂಗಳು ಇಂಜಿನ್ನಿನ ಹೊಟ್ಟೆಯ ಗಾಳಿ ಕಟ್ಟಿಟ್ಟಿದೀಯ. ಆ ಕಡ್ಡಿಯ ಸಂದೀಲಿ ಹೇಗೋ ಉಸಿರು ಬಿಡ್ತಾ ಬದುಕಿಕೊಂಡಿತ್ತು. ಅದಕ್ಕೂ ತಂತಿ ಬಿಗಿದೆ. ಒತ್ತಡಕ್ಕೆ ಎಣ್ಣೆಯೆಲ್ಲ ಟರ್ಬೊದಿಂದ ಗಾಳಿಯ ದಾರಿಗೆ ನುಗ್ಗಿ ನಿಂತಿತ್ತು, ನೀನು ತುಳಿದೆ, ಅದು ಕುಡೀತು." ನೋಯೆಲ್ ಥಟ್ಟನೆ ನಿಲ್ಲಿಸಿದ. ಬಿರಡೆಯನ್ನು ನೋಡಿದ. "ತಾಳು. ಇದು ಇದ್ರೆ ಡಬ್ಬಿಗೆ ಒಂದು ತೊಟ್ಟೂ ಬರೋಕಾಗಲ್ಲ. ಹಾಗಾದ್ರೆ ಹೋದ ವಾರ ಆ ಬಾಟಲಿ ತುಂಬಿದ್ದು ಹೇಗೆ?"

ಡಡ್ಲಿ ನನ್ನ ಕಡೆ ನೋಡಿದ. ನಾನು ಬೂಟಿನ ಲೇಸು ಕಟ್ಟಿಕೊಳ್ಳಲು ಬಗ್ಗಿದೆ. ನನ್ನ ಬೂಟಿಗೆ ಲೇಸು ಇಲ್ಲ.

"ಹುಲ್ಲಿನ ಯಂತ್ರದ ಎಣ್ಣೆ," ಎಂದ ಡಡ್ಲಿ, ರೋಂಡಾಳಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ. ಆದರೆ ಎಲ್ಲರಿಗೂ ಕೇಳಿಸಿತು. "ನನ್ನ ಡಬ್ಬಿ ಯಾವತ್ತೂ ಖಾಲಿ. ನಾನೇ ಕೂರಿಸಿದ್ದು ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ದೆ. ನಾಚಿಕೆಯಾಯ್ತು."

ರೋಂಡಾ ಅವನನ್ನೇ ನೋಡಿದಳು. "ನಾನು ಆ ಚಿತ್ರ ತೆಗೆದಾಗ ಎದುರಿಗೇ ಕೂತಿದ್ದೆಯಲ್ಲ."

"ಹೂಂ."

"ಆಗ್ಲೂ ಹೇಳೋಕಾಗ್ಲಿಲ್ವಾ?"

"ಬಾಯಿವರೆಗೂ ಬಂತು. ಹೊರಗೆ ಬರಲಿಲ್ಲ." ಡಡ್ಲಿ ಅಳುತ್ತಿದ್ದ. ಐವತ್ತೆಂಟು ವರ್ಷದ ಗಂಡಸು, ಎಣ್ಣೆ ಮೆತ್ತಿದ ಬನಿಯನ್ನಿನಲ್ಲಿ, ಊರಿನ ಮುಂದೆ.

ಆಗ ನನಗೆ ತಡೆಯಲಾಗಲಿಲ್ಲ. "ನನ್ನ ಬಾಟಲೀಲೂ ಎರಡು ಚಮಚ ಬೇರೆ ಎಣ್ಣೆ," ಎಂದುಬಿಟ್ಟೆ. ಪರ್ಸಿ ಕೆಮ್ಮಿ ಏಣಿಯ ಕಡೆ ತಿರುಗಿದ. ಇನ್ನೂ ನಾಲ್ಕೈದು ಜನಕ್ಕೆ ಆಕಾಶದಲ್ಲಿ ಏನೋ ಕಾಣಿಸಿತು. ಯಾರೂ ನಗಲಿಲ್ಲ.

ರೋಂಡಾ ಗಾರ್ಥ್‌ನ ಕಡೆ ತಿರುಗಿದಳು. "ಗಾರ್ಥ್, ಇಂಜಿನ್ ಸತ್ತಿದೆ ಅಂತ ಹೇಳಿದ್ದು ನೀವು. ಬಾನೆಟ್ ಎತ್ತಿ ನೋಡಿದ್ರಾ?"

"ಬಾಟಲಿ ನೋಡಿದೆ ಕಣಮ್ಮ."

"ಬಾನೆಟ್?"

ಸಾರ್ಜೆಂಟ್ ಪೆಂಗೆಲ್ಲಿ ಮೂವತ್ತು ವರ್ಷ ಬೇರೆಯವರಿಗೆ ಕೇಳುತ್ತಿದ್ದ ಧಾಟಿಯ ಪ್ರಶ್ನೆ ಅದು. ಉತ್ತರ ಹೇಳಿ ಅಭ್ಯಾಸವಿರಲಿಲ್ಲ. ಎಣ್ಣೆ ಅಂಗಿಯ ಮೇಲೆ ಕೈ ಒರೆಸಿಕೊಂಡು, "ಇಲ್ಲ," ಎಂದ. ಆಮೇಲೆ ಪ್ಯಾಂಟಿನ ಜೇಬಿನಿಂದ ತನ್ನ ಕಾರಿನ ಕೀಲಿ ತೆಗೆದು ಅವಳ ಕೈಗಿಟ್ಟ. "ನಂದು ಕ್ಯಾರವಾನ್ ಎಳೆಯುತ್ತೆ. ಟ್ಯಾಂಕು ತುಂಬಿದೆ." ಹೆಂಡತಿಗೂ ಮುಟ್ಟಲು ಕೊಡದ ಕಾರು ಅದು.

ಸೋಮವಾರ ಬೆಳಿಗ್ಗೆ ಏಳಕ್ಕೆ ರೋಂಡಾ ಹೊರಟಳು, ಒಬ್ಬಳೇ. ಡಡ್ಲಿ ಚೀಲ ಹಿಡಿದು ಗೇಟಿನ ಹತ್ತಿರ ನಿಂತಿದ್ದ.

"ನಾನೂ ಬರಲಾ?"

"ನಿನ್ನ ಕಾರಿದೆಯಲ್ಲ. ರಿಪೇರಿ ಮಾಡ್ಕೊಂಡು ಅದರಲ್ಲೇ ಬಾ. ಈ ಸಲ ನೋಯೆಲ್ ಹೇಳಿದ್ದು ಮಾಡು, ತತ್ತ್ವ ಬೇಡ."

ಡಡ್ಲಿ ಉಗ್ರಾಣಕ್ಕೆ ರಜೆ ಹಾಕಿ ಗ್ಯಾರೇಜಿನಲ್ಲಿ ನೋಯೆಲ್‌ನ ಕೈಕೆಳಗೆ ನಿಂತ. ಗಾಳಿಯ ಕೊಳವೆಗಳನ್ನು ಬಿಚ್ಚಿ, ಅರ್ಧ ಬಕೆಟ್ ಎಣ್ಣೆ ಬಸಿದು, ತೊಳೆದು, ಮತ್ತೆ ತೊಳೆದ. ಪಿಸ್ಟನ್ ರಿಂಗುಗಳು ನಿಜಕ್ಕೂ ಕಲ್ಲಿನಂತಿದ್ದವು. ಟರ್ಬೊದ ಸೀಲು ಹೋಗಿತ್ತು. ಅದು ಅಡಿಲೇಡ್‌ನಿಂದ ಬರಲು ಆರು ದಿನ ಹಿಡಿಯಿತು. ರೋಂಡಾ ಸಂಜೆ ಫೋನ್ ಮಾಡಿ ಸಂಖ್ಯೆ ಹೇಳುತ್ತಿದ್ದಳು, ಬೇರೇನೂ ಹೇಳುತ್ತಿರಲಿಲ್ಲ. ಹದಿನೈದು. ಹನ್ನೊಂದು. ಎಂಟು. ಡಡ್ಲಿ ಅದನ್ನು ಗ್ಯಾರೇಜಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ನಾಲ್ಕು ಎಂದ ದಿನ ಸೀಲು ಬಂತು. ಮಾರನೆಯ ದಿನ ಬೆಳಕು ಹರಿಯುವ ಮುಂಚೆ ಅವನ ಕಾರು ನನ್ನ ಕಿಟಕಿಯ ಮುಂದೆ ಹಾದುಹೋಯಿತು.

ಎರಡು ದಿನ ಬಿಟ್ಟು ರೋಂಡಾ ನನಗೆ ಫೋನ್ ಮಾಡಿದಳು. ಗಾಳಿಯ ಸದ್ದಿನಲ್ಲಿ ಮಾತು ಅರ್ಧ ಕೇಳಿಸುತ್ತಿತ್ತು.

"ಬಂದ ಲೆನ್. ಎರಡು ಇನ್ನೂ ಇದ್ದವು. ತಾಯಿ ಮತ್ತೆ ಮರಿ. ಬಂಡೆಯ ಕೆಳಗೇ, ಕಲ್ಲೆಸೆದ್ರೆ ಬೀಳೋಷ್ಟು ಹತ್ತಿರ. ತಾಯಿ ಮೇಲೆ ಬಂದು ಬುಸ್ಸಂತ ಉಸಿರು ಬಿಡ್ತು ನೋಡು, ಆ ಮಂಜು ನಮ್ಮ ಮುಖದವರೆಗೂ ಬಂತು. ಪಕ್ಕದಲ್ಲಿದ್ದ ಒಬ್ಬರು ಕೇಳಿದ್ರು, ಅದು ಯಾಕೆ ಹಾಗೆ ಉಸಿರು ಬಿಡುತ್ತೆ ಅಂತ. ನಾನು ಡಡ್ಲಿ ಕಡೆ ನೋಡಿದೆ. ಅವನು ಬಾಯಿ ತೆರೆದ."

"ಅಯ್ಯೋ ದೇವರೇ. ಏನಂದ?"

"ತತ್ತ್ವ ಏನೂ ಹೇಳ್ಲಿಲ್ಲ," ಎಂದಳು ರೋಂಡಾ. "ನನಗೆ ಗೊತ್ತಿಲ್ಲ ಅಂದ. ಆಮೇಲೆ ನನ್ನ ಕೈ ಹಿಡ್ಕೊಂಡು ಅವು ಹೋಗೋವರೆಗೂ ಸುಮ್ಮನೆ ನಿಂತಿದ್ದ."